ಯಾವ ಸಿದ್ದೇಗೌಡ? ಒಂದೇ ಹೆಸರಿನ ತಾತ, ಮುತ್ತಾತರನ್ನು ಬೇರೆ ಮಾಡುವ ಬಗೆ

ಮಂಡ್ಯ, ಮೈಸೂರು ಕಡೆಯವರು ವಂಶವೃಕ್ಷ ಬರೆಯಲು ಕೂತರೆ ತಾತನ ತನಕ ಸಲೀಸು. ಅದರಾಚೆಗೆ ಹೋದರೆ ಯಾರೋ ಒಬ್ಬರು ನೂರಿಪ್ಪತ್ತು ವರ್ಷ ಬದುಕಿ, ಅರವತ್ತು ವರ್ಷದ ಅಂತರದಲ್ಲಿ ಎರಡು ಮದುವೆಯಾಗಿ, ಸತ್ತ ಮೇಲೂ ಜಮೀನು ಮಾರಿರುತ್ತಾರೆ. ಪವಾಡ ಏನಿಲ್ಲ. ಇಬ್ಬರು ಸಿದ್ದೇಗೌಡರನ್ನು ಒಬ್ಬರಾಗಿ ಮಾಡಿರುತ್ತಾರೆ, ಅಷ್ಟೇ.

ಆಗದೇ ಇರುತ್ತದಾ? ತಾತನ ಹೆಸರು ಮೊಮ್ಮಗನಿಗೆ ಬರಲೇಬೇಕು. ಅದರ ಮೇಲೆ ಮನೆದೇವರ ಹೆಸರು ಬೇರೆ. ಮಾದಪ್ಪನ ಒಕ್ಕಲಾದರೆ ಮಾದೇಗೌಡ, ನಂಜನಗೂಡಿನ ಒಕ್ಕಲಾದರೆ ನಂಜೇಗೌಡ, ಮೇಲುಕೋಟೆಗೆ ನಡೆದುಕೊಳ್ಳುವವರು ಚೆಲುವೇಗೌಡ. ಒಂದೇ ಬೀದಿಯಲ್ಲಿ ನಾಲ್ವರು ಸಿಗುತ್ತಾರೆ. ಅರಮನೆಯಲ್ಲೂ ಕೃಷ್ಣರಾಜರೇ ಕೃಷ್ಣರಾಜರು. ಆದರೆ ಅಲ್ಲಿ ಮುಮ್ಮಡಿ, ನಾಲ್ವಡಿ ಎಂದು ಎಣಿಸಿಟ್ಟರು.

ಹಂತ 1: ಮನೆಯ ಹಿರಿಯರನ್ನು, ಅದರಲ್ಲೂ ಅಜ್ಜಿಯರನ್ನು, ಮಾತಾಡಿಸಿ. ಹೆಸರು ಕೇಳಬೇಡಿ, ಅಡ್ಡಹೆಸರು ಕೇಳಿ. ಸೊಸೆ ಮಾವನ ಹೆಸರು ಹೇಳುತ್ತಿರಲಿಲ್ಲ. ಹಾಗಾಗಿ ಮಾವನ ಹೆಸರಿಟ್ಟ ಮಗನನ್ನು ಅಪ್ಪಾಜಿ, ಅಪ್ಪಯ್ಯ ಎಂದೇ ಕರೆಯುತ್ತಿದ್ದಳು. ಮುಂದೆ ಪತ್ರಗಳಲ್ಲಿ 'ಉರುಫ್ ಅಪ್ಪಯ್ಯ' ಎಂದು ಕಂಡರೆ ನಿಮಗೆ ದಾರಿ ಸಿಕ್ಕಿತು. ಹೆಂಡತಿಯ ಹೆಸರು, ಅವಳ ತವರೂರು ಎರಡನ್ನೂ ಬಿಡದೆ ಕೇಳಿ.

ಹಂತ 2: ಒಬ್ಬರಿಗೆ ಒಂದು ಪುಟ. ಹೆಸರಿನ ಪಕ್ಕ 1, 2, 3 ಎಂದು ನಂಬರ್ ಹಾಕಿ. ಉದ್ದದ ನೋಟ್‌ಬುಕ್, ಪೆನ್ಸಿಲ್ ಸಾಕು. ಅಚ್ಚು ಹಾಕಿದ ವಂಶವೃಕ್ಷದ ಚಾರ್ಟ್ ಕೊಳ್ಳಬೇಡಿ. ಅದರಲ್ಲಿ ಗಂಡಸಿಗೆ ಒಂದೇ ಹೆಂಡತಿಯ ಚೌಕ ಇರುತ್ತದೆ. ಮೊಬೈಲ್ ಆ್ಯಪ್‌ಗಳು ಇನ್ನೂ ಮೋಸ. ಒಂದೇ ಹೆಸರು ಕಂಡ ಕೂಡಲೇ 'ಇವರಿಬ್ಬರೂ ಒಬ್ಬರೇನಾ, ಸೇರಿಸಲಾ?' ಎಂದು ಕೇಳುತ್ತವೆ. ಸುಮ್ನೆ ಹೂಂ ಅಂದರೆ ಎರಡು ತಲೆಮಾರು ಒಂದಾಗಿ ಹೋಗುತ್ತದೆ.

ಹಂತ 3: ಜಮೀನು ಹಿಡಿಯಿರಿ. ಎಲ್ಲರೂ ಎಡವುವುದು ಇಲ್ಲೇ. ಅಪ್ಪನ ಹೆಸರು ನೋಡಿದರೆ ಸಾಕು ಎಂದುಕೊಳ್ಳುತ್ತಾರೆ. ಸಾಲದು. ಉದಾಹರಣೆಗೆ ಮಾದೇಗೌಡರ ಮಗ ಸಿದ್ದೇಗೌಡ. ಅವರ ಮಗನಿಗೆ ತಾತನ ಹೆಸರು, ಮಾದೇಗೌಡ. ಅವರ ಮಗ ಮತ್ತೆ ಸಿದ್ದೇಗೌಡ. ಈಗ ಪತ್ರದಲ್ಲಿ 'ಸಿದ್ದೇಗೌಡ ಬಿನ್ ಮಾದೇಗೌಡ', ಅಂದರೆ ಮಾದೇಗೌಡರ ಮಗ ಸಿದ್ದೇಗೌಡ, ಎಂದಿದ್ದರೆ ತಾತನೂ ಹೌದು, ಮೊಮ್ಮಗನೂ ಹೌದು.

ಜಮೀನಾದರೆ ಎದ್ದು ಹೋಗುವುದಿಲ್ಲ. ಸರ್ವೆ ನಂಬರ್ 45ರಲ್ಲಿ 4 ಎಕರೆ ಇತ್ತು ಎನ್ನಿ. ತಾತ ಸತ್ತ ಮೇಲೆ ಇಬ್ಬರು ಮಕ್ಕಳು ಭಾಗ ಮಾಡಿಕೊಂಡರು. ಪೋಡಿಯಾಗಿ, ಅಂದರೆ ಅಳತೆ ಮಾಡಿ ನಂಬರ್ ಒಡೆದು, 45/1, 45/2 ಎಂದಾಯಿತು. ಈಗ ಪತ್ರದಲ್ಲಿ ಪೂರ್ತಿ 4 ಎಕರೆ ಇದ್ದರೆ ಅದು ತಾತ. 45/1 ಎಂದಿದ್ದರೆ ತಾತ ಆಗಲು ಸಾಧ್ಯವೇ ಇಲ್ಲ, ಭಾಗಕ್ಕೆ ಮೊದಲು ಆ ನಂಬರೇ ಇರಲಿಲ್ಲವಲ್ಲ.

ಜಮೀನು ಯಾರ ಹೆಸರಲ್ಲಿದೆ ಎಂದು ತೋರಿಸುವ ಪಹಣಿ (ಆರ್‌ಟಿಸಿ) ತೆಗೆಸಿ, ಇವತ್ತಿನದರಿಂದ ಶುರು ಮಾಡಿ ಹಿಂದಕ್ಕೆ ಹೋಗಿ. 9ನೇ ಕಾಲಂನಲ್ಲಿ ಹೆಸರು, 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಎನ್ನುವುದು. ಜನ 9 ನೋಡಿ ಎದ್ದುಬಿಡುತ್ತಾರೆ. ನೀವು 10 ನೋಡಿ. ಅಲ್ಲಿ ಎಂ.ಆರ್. ನಂಬರ್, ಅಂದರೆ ಖಾತೆ ಬದಲಾವಣೆಯ (ಮ್ಯುಟೇಶನ್) ನಂಬರ್, ಇರುತ್ತದೆ. ಆ ಮ್ಯುಟೇಶನ್ ಪ್ರತಿ ತೆಗೆಸಿ. ಪೌತಿಯೋ (ಸತ್ತವರಿಂದ ವಾರಸುದಾರರಿಗೆ ಬಂದದ್ದು), ಕ್ರಯವೋ, ವಿಭಾಗವೋ ಗೊತ್ತಾಗುತ್ತದೆ. ಕಂಪ್ಯೂಟರ್‌ನಲ್ಲಿ ಸಿಗದ ಹಳೆಯ ಕೈಬರಹದ ಪಹಣಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ.

ಇಲ್ಲೊಂದು ಗುಂಡಿ ಇದೆ. ಪಹಣಿಯಲ್ಲಿ 1985ರಲ್ಲಿ ಹೆಸರಿದ್ದ ಮಾತ್ರಕ್ಕೆ ಆಗ ಅವರು ಬದುಕಿದ್ದರು ಎಂದಲ್ಲ. ಪೌತಿ ಖಾತೆ ಮಾಡಿಸದೆ ಸತ್ತವರ ಹೆಸರಲ್ಲೇ ದಶಕಗಟ್ಟಲೆ ಕಂದಾಯ ಕಟ್ಟುವುದು ನಮ್ಮಲ್ಲಿ ಮಾಮೂಲು. ಬದುಕಿದ್ದರು ಎನ್ನಲು ನೋಂದಣಿಯಾದ ಕ್ರಯಪತ್ರ, ಅಡಮಾನ ಪತ್ರ ಬೇಕು. ಅದರಲ್ಲಿ ಸಹಿಯೋ ಹೆಬ್ಬೆಟ್ಟೋ ಇರುತ್ತದೆ, ಎಷ್ಟೋ ಸಲ ವಯಸ್ಸೂ ಇರುತ್ತದೆ. ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯನ್ನು, ಪೂರ್ತಿ ಬರೆದುಕೊಳ್ಳಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು ಎನ್ನುವುದರಿಂದ ಪತ್ರ ಯಾವ ಕಾಲದ್ದು ಎಂದು ತಿಳಿಯುತ್ತದೆ. 'ಕೋಂ ಸಿದ್ದೇಗೌಡ', ಅಂದರೆ ಸಿದ್ದೇಗೌಡರ ಹೆಂಡತಿ, ಎಂದು ಹೆಂಗಸಿನ ಹೆಸರು ಕಂಡರಂತೂ ಹಬ್ಬ. ಗಂಡಂದಿರ ಹೆಸರು ಒಂದೇ ಆದರೂ ಹೆಂಡತಿಯರ ಹೆಸರು, ತವರು ಎರಡೂ ಒಂದೇ ಆಗುವುದು ಅಪರೂಪ.

ಕನ್ನಂಬಾಡಿ ಕಟ್ಟೆಯಲ್ಲಿ ಮುಳುಗಿದ ಊರಿನವರಿಗೆ ಈ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಅವರು ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರನ್ನೇ ಹುಡುಕಬೇಕು.

ಕಚೇರಿ ಮುಂದೆ ಕೂತವರು ಬೇಗ ಮಾಡಿಸಿಕೊಡುವ ವಂಶವೃಕ್ಷ ಖಾತೆ ಬದಲಾಯಿಸಲು ಸರಿ. ಸಂಶೋಧನೆಗೆ ಅದನ್ನು ನಂಬಬೇಡಿ. ಮಕ್ಕಳಿಲ್ಲದೆ ಸತ್ತ ಅಣ್ಣತಮ್ಮಂದಿರು ಅದರಲ್ಲಿ ಮಾಯವಾಗಿರುತ್ತಾರೆ. ಹಳೆಯವುಗಳಲ್ಲಿ ಹೆಣ್ಣುಮಕ್ಕಳೂ ಇರುವುದಿಲ್ಲ.

ಹಂತ 4: ಹಳೆಯ ಪತ್ರದಲ್ಲಿ ಇಸವಿ ಇಲ್ಲದೆ ಸಂವತ್ಸರ ಮಾತ್ರ ಇದ್ದರೆ ತಡೆಯಿರಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ತಾತನಿಗೂ ಮೊಮ್ಮಗನಿಗೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಪಿಂಗಳ ಸಂವತ್ಸರ 1857ರ ಯುಗಾದಿಗೂ ಬಂತು, 1917ರ ಯುಗಾದಿಗೂ ಬಂತು. ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿ. 1839 ಎಂದಿದ್ದರೆ 1917. ಶಕ ಇಲ್ಲದಿದ್ದರೆ ತಿಥಿ, ವಾರ ಎರಡನ್ನೂ ಹಳೆಯ ಪಂಚಾಂಗದ ಜತೆ ತಾಳೆ ನೋಡಿ. ಎರಡರಲ್ಲಿ ಒಂದು ವರ್ಷಕ್ಕೆ ಸಾಮಾನ್ಯವಾಗಿ ವಾರ ಕೂಡುವುದಿಲ್ಲ.

ಹಂತ 5: ಉಳಿದವು ಸಣ್ಣವು. ಶಾಲೆಯ ದಾಖಲಾತಿ ಪುಸ್ತಕ ನೋಡಿ, ಆದರೆ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಅಂದಾಜಿಗೆ ಬರೆದದ್ದಿರಬಹುದು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ನಿಮ್ಮ ಊರು ಮೈಸೂರು ಜಿಲ್ಲೆಯ ಅಡಿಯಲ್ಲೇ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಹೆಳವರು ಊರಿಗೆ ಬಂದರೆ ಬಿಡಬೇಡಿ. ಅವರು ಹೇಳುವ ಹೆಸರುಗಳ ಸಾಲನ್ನು ರೆಕಾರ್ಡ್ ಮಾಡಿಕೊಳ್ಳಿ, ದವಸ ಕೊಡಿ. ಅವರ ಬಾಯಲ್ಲಿ ಬೆಡಗು (ಕುಲದ ಒಳಪಂಗಡ), ಮೂಲ ಊರು, ಯಾರು ಯಾರಿಗೆ ಹುಟ್ಟಿದರು ಎಲ್ಲ ಬರುತ್ತದೆ. ಇಸವಿ ಮಾತ್ರ ಕೇಳಬೇಡಿ.

ಹಳೆಯ ಪತ್ರಗಳನ್ನು ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಫೋಟೊ ತೆಗೆದು, ಮಡಿಕೆ ಬಿಡಿಸಿ, ಬಟ್ಟೆಯಲ್ಲಿ ಸುತ್ತಿಡಿ.

ಇಷ್ಟಾದರೂ ಇಬ್ಬರೋ ಒಬ್ಬರೋ ತಿಳಿಯದಿದ್ದರೆ ಎರಡು ಪುಟಗಳನ್ನೂ ಬೇರೆಬೇರೆಯಾಗಿಯೇ ಇಡಿ. ಆಮೇಲೆ ಸೇರಿಸುವುದು ಸುಲಭ. ಸೇರಿಸಿದ್ದನ್ನು ಬಿಡಿಸಲು ಮತ್ತೆ ಮೊದಲ ಪಹಣಿಯಿಂದಲೇ ಶುರು ಮಾಡಬೇಕಾಗುತ್ತದೆ.