ಏರೇಟರ್ ಯಾವ ನಳಕ್ಕೆ?

ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಧಾರೆ ಕಡಿಮೆ ಮಾಡಲು ನಳದ ಬಾಯಿಗೆ ಸಿಕ್ಕಿಸುವ ಪುಟ್ಟ ಜಾಲರಿ, ಹಾಕಿದರೆ ನೀರು ಉಳಿಯುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಎರಡು ಮಾತು: ಯಾವ ನಳಕ್ಕೆ, ಎಷ್ಟನೇ ಮಹಡಿಯಲ್ಲಿ?

ಹುಬ್ಬಳ್ಳಿಯ ಕೇಶ್ವಾಪುರದ ಕಡೆ ನಮ್ಮದು ನಾಲ್ಕು ಮಹಡಿಯ, 24 ಮನೆಗಳ ಅಪಾರ್ಟ್‌ಮೆಂಟ್. ಸಂಘದ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಹೋಟೆಲು, ಅಪಾರ್ಟ್‌ಮೆಂಟುಗಳಿಗೆ ಏರೇಟರ್ ಕಡ್ಡಾಯ ಮಾಡಿದ ಸುದ್ದಿ ಬಂದದ್ದೇ ತಡ, ನಮ್ಮ ಸಭೆಯಲ್ಲೂ ಅದೇ ಮಾತು. ‘ಹಾಕೇಬಿಡೂಣ್ರೀ, ಟ್ಯಾಂಕರ್ ಬಿಲ್ ಅರ್ಧಕ್ಕ ಇಳೀತದ’ ಅಂದರು ಒಬ್ಬ ಹಿರಿಯರು. ಮನೆಗೆ ಎಂಟೊಂಬತ್ತು ನಳ, ಎಲ್ಲಕ್ಕೂ ಮೆಂಟೇನೆನ್ಸ್ ನಿಧಿಯಿಂದಲೇ ಖರ್ಚು. ಕೊಟೇಶನ್ ಕೂಡ ಬಂದಾಗಿತ್ತು. ದುಡ್ಡು ಕೊಡುವ ಮುಂಚೆ ಒಂದಿಷ್ಟು ಅಳೆದು ನೋಡೋಣ ಅಂದೆ.

ಅಳತೆಗೆ ಬೇಕಾದದ್ದು ಹತ್ತು ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್, ಅಷ್ಟೇ. ನೆಲಮಹಡಿಯ ಬಚ್ಚಲಿನ ನಳ ಪೂರ್ತಿ ಬಿಟ್ಟರೆ ಮುಕ್ಕಾಲು ನಿಮಿಷದೊಳಗೆ ಬಕೆಟ್ ತುಂಬಿತು. ಮೇಲಿನ ಮಹಡಿಯಲ್ಲಿ ಎರಡು ನಿಮಿಷದ ಹತ್ತಿರ ಬೇಕಾಯಿತು. ಕಾರಣ ಸರಳ. ನಮ್ಮಲ್ಲಿ ಪ್ರೆಶರ್ ಪಂಪ್ ಇಲ್ಲ, ಟೆರೇಸಿನ ಟಾಕಿಯಿಂದ ನೀರು ತಾನಾಗಿಯೇ ಇಳಿಯಬೇಕು. ಹತ್ತು ಮೀಟರ್ ಎತ್ತರದ ನೀರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಮೇಲಿನ ಮನೆಯ ನಳಕ್ಕೂ ಟಾಕಿಗೂ ನಡುವೆ ನಾಲ್ಕು ಮೀಟರೂ ಇಲ್ಲ, ಅಂದರೆ 0.4 ಬಾರ್ ಕೂಡ ಸಿಗುವುದಿಲ್ಲ. ಏರೇಟರ್ ಕಂಪನಿಯ ಬ್ರೋಶರಿನಲ್ಲಿ ಉಳಿತಾಯದ ಅಂಕಿ ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣದಾಗಿ ‘3 ಬಾರ್ ಒತ್ತಡದಲ್ಲಿ’ ಎಂದಿತ್ತು. ಮೇಲಿನ ಮಹಡಿಯವರು ಏರೇಟರ್ ಇಲ್ಲದೆಯೇ ಸಣ್ಣ ಧಾರೆಯಲ್ಲಿ ಬದುಕುತ್ತಿದ್ದಾರೆ. ಅಲ್ಲಿ ಜಾಲರಿ ಹಾಕಿದರೆ ಉಳಿಯುವುದಕ್ಕಿಂತ ಬೈಗುಳ ಬರುವುದೇ ಹೆಚ್ಚು.

ಇನ್ನು ಬಕೆಟ್ಟಿನ ವಿಚಾರ. ನಮ್ಮ ಮನೆಗಳಲ್ಲಿ ಬಹುತೇಕರು ಬಕೆಟ್ ತುಂಬಿಸಿ ತಂಬಿಗೆಯಿಂದ ಮೈಮೇಲೆ ಹಾಕಿಕೊಳ್ಳುವವರು. ಇಪ್ಪತ್ತು ಲೀಟರಿನ ಬಕೆಟ್ ಬೇಗ ತುಂಬಲಿ, ತಡವಾಗಿ ತುಂಬಲಿ, ಇಪ್ಪತ್ತೇ ಲೀಟರು. ಫ್ಲಶ್ ಟ್ಯಾಂಕು, ವಾಷಿಂಗ್ ಮಷೀನು, ನೆಲ ಒರೆಸುವ ನೀರು, ಕುಡಿಯಲು ತುಂಬಿಡುವ ಕೊಡ ಎಲ್ಲಕ್ಕೂ ಇದೇ ಮಾತು. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕ ಹಿಡಿಯುತ್ತಾರಲ್ಲ, ಅದರಲ್ಲಿ 45 ಲೀಟರ್ ಫ್ಲಶ್ಶಿಗೇ ಹೋಗುತ್ತದೆ. ಆ ಮೂರನೇ ಒಂದು ಪಾಲನ್ನು ಏರೇಟರ್ ಮುಟ್ಟುವುದೂ ಇಲ್ಲ. ಅದಕ್ಕೆ ದಕ್ಕುವುದು ಬಿಟ್ಟಲ್ಲಿಂದ ಹರಿದುಹೋಗುವ ನೀರು ಮಾತ್ರ. ವಾಷ್ ಬೇಸಿನ್, ಅಡುಗೆಮನೆಯ ಸಿಂಕು, ಅಲ್ಲಿಗೆ ಪಟ್ಟಿ ಮುಗಿಯಿತು.

ನೀರು ಉಳಿದರೆ ದುಡ್ಡು ಉಳಿಯಿತು ಎಂಬುದನ್ನೂ ಯಾರೂ ಪ್ರಶ್ನಿಸಿರಲಿಲ್ಲ. 2008ರಲ್ಲೇ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸು ನೀರು ಕೊಡುವ ಪ್ರಯೋಗ ಶುರುವಾಯಿತು, ನಿಜ. ನಮ್ಮ ಓಣಿಗೆ ಮಾತ್ರ ಈಗಲೂ ನಾಲ್ಕೈದು ದಿನಕ್ಕೊಮ್ಮೆ ನೀರು, ಬೇಸಿಗೆಯಲ್ಲಿ ಇನ್ನೂ ತಡ. ನಳದ ನೀರು ಬಂದ ದಿನ ಸಂಪು ತುಂಬಿಸಿಕೊಳ್ಳುತ್ತೇವೆ. ಅದು ತೀರಿದ ಮೇಲೆ ಬೋರು, ಬೋರೂ ಸೋತರೆ ಟ್ಯಾಂಕರು. ಜೇಬಿಗೆ ಕತ್ತರಿ ಹಾಕುವುದು ಆ ಕೊನೆಯ ಟ್ಯಾಂಕರ್ ಮಾತ್ರ. ಮಳೆಗಾಲದಲ್ಲಿ ಟ್ಯಾಂಕರ್ ತರಿಸುವುದೇ ಇಲ್ಲ, ಆಗ ಉಳಿಸಿದ ನೀರಿಗೆ ರೂಪಾಯಿಯ ಲೆಕ್ಕದಲ್ಲಿ ಬೆಲೆ ಇಲ್ಲವೆಂದೇ ಹೇಳಬೇಕು. ಕರೆಂಟು ಉಳಿಯುತ್ತದಲ್ಲ ಅಂದರು. ಸಂಪಿನಿಂದ ಟೆರೇಸಿಗೆ ಸಾವಿರ ಲೀಟರ್ ಏರಿಸಲು ಕಾಲು ಯುನಿಟ್ಟೂ ಬೇಕಾಗುವುದಿಲ್ಲ. ನೀರು ಉಳಿಸಬಾರದು ಎಂದು ನಾನು ಹೇಳುತ್ತಿಲ್ಲ, ಬೋರಿನ ಪಾತಾಳದ ಗತಿ ನನಗೂ ಗೊತ್ತು. ಉಳಿತಾಯದ ಹೆಸರಲ್ಲಿ ಖರ್ಚು ಮಾಡಿಸುವಾಗ ಆ ಉಳಿತಾಯ ಎಲ್ಲಿದೆ ಎಂದು ತೋರಿಸಲಿ, ಅಷ್ಟೇ.

ಹಾಗಾದರೆ ನೀರು ಹೋಗುತ್ತಿದ್ದದ್ದೆಲ್ಲಿ? ಅದಕ್ಕೆ ರಾತ್ರಿಯ ಅಳತೆ ಮಾಡಿದೆವು. ಎಲ್ಲರೂ ಮಲಗಿದ ಮೇಲೆ ಪಂಪಿನ ಸ್ವಿಚ್ ಆರಿಸಿ, ಟೆರೇಸಿನ ಟಾಕಿಯೊಳಗೆ ಉದ್ದನೆಯ ಕೋಲು ಇಳಿಸಿ, ನೀರು ತಾಗಿದಲ್ಲಿಗೆ ಚಾಕ್ ಗೆರೆ. ನಸುಕಿನಲ್ಲಿ ಮೊದಲ ನಳ ತಿರುಗುವ ಮುನ್ನ ಮತ್ತೆ ಕೋಲು. ಟಾಕಿಯ ಅಗಲ ಉದ್ದ ಗುಣಿಸಿದರೆ 12 ಚದರ ಮೀಟರ್, ಆದ್ದರಿಂದ ಒಂದು ಸೆಂಟಿಮೀಟರ್ ಇಳಿದರೆ 120 ಲೀಟರ್. ರಾತ್ರಿ ಯಾರೋ ಒಂದಿಬ್ಬರು ಎದ್ದು ಬಚ್ಚಲಿಗೆ ಹೋಗಿರಬಹುದು ಎಂದು ಬಿಟ್ಟರೂ, ಐದಾರು ಸೆಂಟಿಮೀಟರ್ ಇಳಿದಿದ್ದಕ್ಕೆ ಅದು ಉತ್ತರವಾಗುವುದಿಲ್ಲ. ಮನೆಮಂದಿಯೆಲ್ಲ ಮಲಗಿರುವಾಗ ಐದಾರು ನೂರು ಲೀಟರ್ ಸದ್ದಿಲ್ಲದೆ ಹೋಗುತ್ತಿತ್ತು.

ಮರುದಿನ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಹಿಡಿದು ಮನೆಮನೆ ತಿರುಗಿದೆವು. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಿಟ್ಟು, ಇಪ್ಪತ್ತು ನಿಮಿಷ ಯಾರೂ ಒತ್ತದ ಹಾಗೆ ನೋಡಿಕೊಂಡು, ಆಮೇಲೆ ಕಮೋಡಿನೊಳಗೆ ಇಣುಕುವುದು. ನೀಲಿ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ ಎಂದರ್ಥ. ‘ನಮ್ಮ ಮನ್ಯಾಗ ಸೋರೂದೇ ಇಲ್ರಿ’ ಎಂದು ಬಾಗಿಲಲ್ಲೇ ತಡೆದವರ ಕಮೋಡಿನಲ್ಲೇ ಎಲ್ಲಕ್ಕಿಂತ ದಟ್ಟ ನೀಲಿ! ಗೋಡೆಗುಂಟ ಕೂದಲೆಳೆಯಷ್ಟು ತೆಳ್ಳಗೆ ಇಳಿಯುವ ನೀರು ಕಣ್ಣಿಗೂ ಬೀಳುವುದಿಲ್ಲ, ಕಿವಿಗೂ ಕೇಳುವುದಿಲ್ಲ, ಅವರದೇನು ತಪ್ಪು. ವಾಷರಿನ ಬೆಲೆ ಏರೇಟರಿಗಿಂತ ಕಡಿಮೆ. ಸಂಪಿನ ಬಾಲ್ ವಾಲ್ವ್ ಕೂಡ ಸಿಕ್ಕಿಕೊಂಡಿತ್ತು. ನೀರು ಬಿಟ್ಟ ರಾತ್ರಿ ಅದು ತುಂಬಿ ಗಟಾರಕ್ಕೆ ಹರಿಯುತ್ತಿತ್ತು, ವಾಚ್‌ಮನ್ ಹೇಳಿದಾಗಲೇ ಗೊತ್ತಾದದ್ದು. ಅದನ್ನೂ ಬದಲಿಸಿದೆವು.

ಏರೇಟರ್ ಪೂರ್ತಿ ಬಿಡಲಿಲ್ಲ. ಕೆಳಗಿನ ಎರಡು ಮಹಡಿಗಳ ಬೇಸಿನ್ನಿಗೂ ಸಿಂಕಿಗೂ ಹಾಕಿಸಿದೆವು, ಅಲ್ಲಿ ಒತ್ತಡವೂ ಇದೆ, ಹರಿದುಹೋಗುವ ನೀರೂ ಇದೆ. ಆದರೆ ನಮ್ಮ ಬೋರಿನ ನೀರು ಗಡಸು. ಒಂದೆರಡು ತಿಂಗಳಲ್ಲಿ ಜಾಲರಿಗೆ ಬಿಳಿ ಪೊರೆ ಕಟ್ಟುತ್ತದೆ. ಪೈಪ್‌ಲೈನ್ ದುರಸ್ತಿಯಾದ ಮೇಲೆ ಮೊದಲು ಬರುವ ಕೆಂಪು ನೀರಿನ ಮಣ್ಣೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಕೆಲವರು ತಿಕ್ಕುತ್ತಾರೆ. ಕೆಲವರು ಬಿಚ್ಚಿ ಡ್ರಾವರಿನಲ್ಲಿಟ್ಟು ಸುಮ್ಮನಾಗಿದ್ದಾರೆ.

ಈಗ ಸಭೆಯಲ್ಲಿ ಹೊಸ ಬೇಡಿಕೆ, ಮನೆಗೊಂದು ಮೀಟರ್. ಟ್ಯಾಂಕರ್ ಬಿಲ್ಲನ್ನು 24 ಪಾಲು ಮಾಡುವಾಗ ಇಬ್ಬರೇ ಇರುವ ಮನೆಗೂ ಆರು ಜನರ ಮನೆಗೂ ಒಂದೇ ಬರುವುದು ಸರಿಯಲ್ಲ ಎಂಬುದು ಒಪ್ಪತಕ್ಕ ಮಾತು. ತೊಡಕಿರುವುದು ಪೈಪಿನಲ್ಲಿ. ಟೆರೇಸಿನಿಂದ ಎರಡು ಬಚ್ಚಲಿಗೆ, ಅಡುಗೆಮನೆಗೆ, ಹಿಂದಿನ ಯುಟಿಲಿಟಿಗೆ ಪ್ರತ್ಯೇಕ ಲೈನ್ ಇಳಿದಿರುವುದರಿಂದ ಪ್ರತಿ ಮನೆಗೆ ನೀರು ಬರುವುದು ನಾಲ್ಕು ಕಡೆಯಿಂದ. ಮನೆಗೆ ನಾಲ್ಕರಂತೆ 96 ಮೀಟರ್. ಅದರ ಕೊಟೇಶನ್ ಇನ್ನೂ ಬರಬೇಕು. ಬಂದ ಮೇಲೆ ಹೋದ ಬೇಸಿಗೆಯ ಟ್ಯಾಂಕರ್ ಬಿಲ್ಲುಗಳ ಪಕ್ಕದಲ್ಲಿಟ್ಟು ಓದುತ್ತೇನೆಂದು ಹೇಳಿದ್ದೇನೆ.