ಹೆಲ್ಮೆಟ್ ಹೊಸದಿರಲಿ, ಜೀನು ಹಳೆಯದಾದರೂ ಸರಿ: ಕುದುರೆ ಸ್ಪರ್ಧೆಗೆ ಕಡಿಮೆ ಖರ್ಚಿನ ಸಿದ್ಧತೆ

ಮಕ್ಕಳು ಶೋ ಜಂಪಿಂಗ್‌ಗೋ (ಕುದುರೆಯಿಂದ ಅಡೆತಡೆ ಹಾರಿಸುವ ಸ್ಪರ್ಧೆ) ಡ್ರೆಸಾಜ್‌ಗೋ (ಕುದುರೆಯನ್ನು ನಿಗದಿತ ಚಲನೆಗಳಲ್ಲಿ ನಡೆಸುವ ಸ್ಪರ್ಧೆ) ಹೆಸರು ಕೊಟ್ಟ ದಿನವೇ ಅಂಗಡಿಗೆ ಓಡಬೇಡಿ. ಮೊದಲು ಸವಾರಿ ಶಾಲೆಯಲ್ಲಿ ಒಂದು ಮಾತು ಕೇಳಿ: ಸ್ಪರ್ಧೆಗೆ ಶಾಲೆಯ ಕುದುರೆಯೇ ಹೋಗುತ್ತದೆಯೇ? ಹೌದಾದರೆ ಜೀನು, ಕಡಿವಾಣ, ಲಗಾಮು ಕುದುರೆಯ ಜತೆಗೇ ಬರುತ್ತವೆ. ನೀವು ಕೊಳ್ಳಬೇಕಾದದ್ದು ಹೆಲ್ಮೆಟ್, ಬೂಟು, ಬ್ರೀಚಸ್ (ಸವಾರಿಯ ಬಿಗಿ ಪ್ಯಾಂಟು), ಕೋಟು ಇಷ್ಟೇ. ಕೋಟು, ಬ್ರೀಚಸ್ ಬೆಳೆಯುವ ಮಕ್ಕಳಿಗೆ ವರ್ಷದೊಳಗೆ ಚಿಕ್ಕದಾಗುತ್ತವೆ; ಹಿರಿಯ ವಿದ್ಯಾರ್ಥಿಗಳಿಂದ ಪಡೆಯಿರಿ. ಮೊಣಕಾಲಿನವರೆಗಿನ ಉದ್ದ ಬೂಟಿನ ಬದಲು ಗಿಡ್ಡ ಬೂಟು, ಅದೇ ಬಣ್ಣದ ನುಣುಪು ಚರ್ಮದ ಗೇಟರ್ (ಮೊಣಕಾಲಿನವರೆಗೆ ಕಾಲಿಗೆ ಸುತ್ತುವ ಕವಚ) ಸಾಮಾನ್ಯವಾಗಿ ನಡೆಯುತ್ತದೆ. ಆಯೋಜಕರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಹೆಲ್ಮೆಟ್

ಇಲ್ಲಿ ಮಾತ್ರ ಚೌಕಾಸಿ ಬೇಡ. ಒಮ್ಮೆ ಬಿದ್ದ ಹೆಲ್ಮೆಟ್‌ನ ಒಳಗಿನ ಫೋಮ್ ಕುಗ್ಗಿರಬಹುದು, ಹೊರಗಿನಿಂದ ಏನೂ ಕಾಣುವುದಿಲ್ಲ. ಆದ್ದರಿಂದ ಬಳಸಿದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಒಳಗಿನ ಚೀಟಿಯಲ್ಲಿ ಸವಾರಿ ಹೆಲ್ಮೆಟ್‌ನ ಸುರಕ್ಷತಾ ಮಾನದಂಡದ ಗುರುತು, ಅಂದರೆ ಎಎಸ್‌ಟಿಎಂ ಎಫ್1163, ವಿಜಿ1 ಅಥವಾ ಪಿಎಎಸ್ 015 ಎಂದಿದೆಯೇ ನೋಡಿ. ಗದ್ದದ ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿದಾಗ ಹಣೆಯ ಚರ್ಮ ಹೆಲ್ಮೆಟ್ ಜತೆಗೇ ಸರಿದರೆ ಅಳತೆ ಸರಿ. ಸೈಕಲ್ ಹೆಲ್ಮೆಟ್ ಆಗದು. ಅದು ತಲೆಯ ಹಿಂಭಾಗವನ್ನು ಸಾಕಷ್ಟು ಮುಚ್ಚುವುದಿಲ್ಲ.

ಜೀನು

ಸ್ವಂತ ಕುದುರೆ ಇದ್ದವರ ಹಣವೆಲ್ಲ ಹೋಗುವುದು ಇಲ್ಲೇ, ಉಳಿಯಬಹುದಾದದ್ದೂ ಇಲ್ಲೇ. ಅಗ್ಗದ ಹೊಸ ಜೀನಿಗಿಂತ ಒಳ್ಳೆಯ ತಯಾರಿಕೆಯ ಹಳೆ ಜೀನು ವಾಸಿ. ಆರಂಭದ ಹಂತಕ್ಕೆ ಜನರಲ್ ಪರ್ಪಸ್ ಜೀನು ಒಂದಿದ್ದರೆ ಜಂಪಿಂಗ್, ಡ್ರೆಸಾಜ್ ಎರಡಕ್ಕೂ ಸಾಕು.

ಮೊದಲ ಪರೀಕ್ಷೆ ಒಳಚೌಕಟ್ಟಿನದು. ಮರ, ಉಕ್ಕು ಅಥವಾ ಪ್ಲಾಸ್ಟಿಕ್‌ನಲ್ಲಿ ಮಾಡಿದ ಇದಕ್ಕೆ ಟ್ರೀ ಎನ್ನುತ್ತಾರೆ. ಜೀನಿನ ಮುಂಭಾಗವನ್ನು ಹೊಟ್ಟೆಗೆ ಒತ್ತಿಹಿಡಿದು ಹಿಂಭಾಗವನ್ನು ನಿಮ್ಮತ್ತ ಎಳೆಯಿರಿ. ಉಕ್ಕಿನ ಪಟ್ಟಿ ಕೂರಿಸಿದ ಸ್ಪ್ರಿಂಗ್ ಟ್ರೀ ತುಸು ಬಾಗಿ ಮರಳುತ್ತದೆ, ಅದು ಸಹಜ. ಕಿರ್ ಎಂದು ಸದ್ದು ಮಾಡಿದರೆ, ಒಂದು ಕಡೆಗೆ ತಿರುಚಿದರೆ, ಆಸನದ ಮೇಲೆ ಆಳವಾದ ಅಡ್ಡ ಸುಕ್ಕು ಎದ್ದರೆ ಅನುಮಾನಿಸಿ. ಆಮೇಲೆ ಜೀನಿನ ಮುಂಭಾಗದಲ್ಲಿ ಎರಡೂ ಬದಿಗೆ ಇಳಿದಿರುವ ಟ್ರೀಯ ಕಾಲುಗಳನ್ನು ಒಳಕ್ಕೆ ಅದುಮಿ. ಅಲ್ಲಿ ಸ್ವಲ್ಪವೂ ಅಲುಗಬಾರದು, ಟಿಕ್ ಎನ್ನಬಾರದು. ಟ್ರೀ ಮುರಿದ ಜೀನನ್ನು ಪುಕ್ಕಟೆ ಕೊಟ್ಟರೂ ಬೇಡ.

ಇನ್ನು ಜೀನನ್ನು ಬೋರಲು ಹಾಕಿ. ಎರಡು ಮೆತ್ತೆಗಳ ನಡುವಿನ ಓಣಿ ಉದ್ದಕ್ಕೂ ಮೂರು ಬೆರಳಷ್ಟಾದರೂ ಅಗಲವಿರಬೇಕು, ಇಲ್ಲದಿದ್ದರೆ ಬೆನ್ನೆಲುಬು ಒತ್ತುತ್ತದೆ. ಮೆತ್ತೆಯೊಳಗೆ ಉಣ್ಣೆ ಇದ್ದರೆ ಗಂಟು ಕಟ್ಟಿದ್ದರೂ ಬಿಚ್ಚಿ ಮತ್ತೆ ತುಂಬಿಸಬಹುದು. ಫೋಮ್ ಗಟ್ಟಿಯಾಗಿದ್ದರೆ ಮೆತ್ತೆಯನ್ನೇ ಬದಲಿಸಬೇಕು. ಗರ್ತ್ (ಜೀನನ್ನು ಕುದುರೆಯ ಹೊಟ್ಟೆಯಡಿ ಬಿಗಿಯುವ ಪಟ್ಟಿ) ಸಿಕ್ಕಿಸುವ ಪಟ್ಟಿಗಳಲ್ಲಿ ತೂತು ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದೆಯೇ, ಹೊಲಿಗೆ ಸಡಿಲವೇ ಎಂದು ನೋಡಿ. ಇದು ಚರ್ಮದ ಕೆಲಸದವರು ಕಡಿಮೆ ಖರ್ಚಿನಲ್ಲಿ ಬದಲಿಸಿಕೊಡುವ ಭಾಗ, ಹಾಗಾಗಿ ಬೆಲೆ ಇಳಿಸಲು ಒಳ್ಳೆಯ ನೆಪ.

ಬೆಂಗಳೂರಿನಲ್ಲಿ ಸವಾರಿಗೆ ಸಿಗುವ ಕುದುರೆಗಳಲ್ಲಿ ರೇಸ್‌ನಿಂದ ನಿವೃತ್ತವಾದ ಥರೋಬ್ರೆಡ್‌ಗಳು (ರೇಸ್ ಕುದುರೆಯ ತಳಿ) ಅನೇಕ. ಕತ್ತು ಬೆನ್ನಿಗೆ ಸೇರುವಲ್ಲಿ ಇವುಗಳ ಎಲುಬು ಎತ್ತರ, ಮೈ ಕಿರಿದು. ಅಗಲವಾದ ಜೀನು ಹಾಕಿದರೆ ನೇರವಾಗಿ ಆ ಎಲುಬಿನ ಮೇಲೇ ಕೂರುತ್ತದೆ. ಸವಾರ ಹತ್ತಿದ ಮೇಲೂ ಅಲ್ಲಿ ಎರಡು–ಮೂರು ಬೆರಳು ಸಲೀಸಾಗಿ ಹೋಗಬೇಕು. ದಪ್ಪ ನಮ್ದಾ (ಜೀನಿನ ಕೆಳಗೆ ಹಾಕುವ ಮೆತ್ತನೆ ಹಾಸು) ತುರುಕಿ ಸರಿಮಾಡಲು ಹೋಗಬೇಡಿ. ಜೀನು ಜಾರುತ್ತದೆ, ಗಾಯ ತಪ್ಪುವುದಿಲ್ಲ.

ಹೊಸದೇ ಬೇಕೆನ್ನುವವರು ವಿದೇಶಿ ಹೆಸರಿಗೆ ಮರುಳಾಗುವ ಮುನ್ನ ಕಾನ್ಪುರದ ಮಾಲು ನೋಡಿ. ಅಲ್ಲಿನ ಜೀನು ತಯಾರಿಕೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಯುರೋಪಿಗೂ ರಫ್ತಾಗುತ್ತದೆ. ಆದರೆ ಅದೇ ಊರಿನಲ್ಲಿ ಕಳಪೆಯೂ ತಯಾರಾಗುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ. ಬಣ್ಣ ಧಾರಾಳವಾಗಿ ಬಿಟ್ಟರೆ ನಿಮ್ಮ ಬಿಳಿ ಬ್ರೀಚಸ್ ಕೆಟ್ಟಂತೆ. ಪಟ್ಟಿಯನ್ನು ಮಡಚಿ, ಸಣ್ಣ ನೆರಿಗೆ ಬಿದ್ದು ಮಾಯವಾದರೆ ಸರಿ, ಮೇಲ್ಪದರ ಬಿರುಕು ಬಿಟ್ಟರೆ ಬಿಟ್ಟುಬಿಡಿ.

ಕಡಿವಾಣ, ರಿಕಾಪು

ಸ್ಟೇನ್‌ಲೆಸ್ ಸ್ಟೀಲಿನ ಹಳೆ ಬಿಟ್ (ಕಡಿವಾಣದಲ್ಲಿ ಕುದುರೆಯ ಬಾಯೊಳಗಿರುವ ಲೋಹದ ತುಂಡು) ಕೊಳ್ಳಲು ಅಂಜಬೇಕಿಲ್ಲ. ಉಂಗುರ ಓಡಾಡುವ ತೂತಿನ ಅಂಚನ್ನು, ನಡುವಿನ ಕೀಲನ್ನು ಬೆರಳಿನಿಂದ ಸವರಿ ನೋಡಿ. ಸವೆದು ಚೂಪಾಗಿದ್ದರೆ ತುಟಿಯನ್ನೂ ನಾಲಿಗೆಯನ್ನೂ ಚಿವುಟುತ್ತದೆ. ನಿಕ್ಕಲ್ ಲೇಪ ಎದ್ದಿದ್ದೂ ಬೇಡ. ಸಡಿಲ ಉಂಗುರದ ಬಿಟ್ ಆದರೆ ಬಾಯಿಯ ಎರಡೂ ಬದಿ ಸುಮಾರು 6 ಮಿ.ಮೀ. ಜಾಗ ಉಳಿಯಬೇಕು.

ಸವಾರ ಕಾಲಿಡುವ ರಿಕಾಪು ಬೂಟಿನ ಅಡಿಗಿಂತ ಸುಮಾರು 2.5 ಸೆಂ.ಮೀ. ಅಗಲವಿರಲಿ. ಬಿಗಿಯಾದರೆ ಬಿದ್ದಾಗ ಕಾಲು ಸಿಕ್ಕಿಕೊಳ್ಳುತ್ತದೆ, ತೀರಾ ಅಗಲವಾದರೆ ಪಾದವೇ ಒಳಗೆ ನುಸುಳುತ್ತದೆ. ಹಳೆ ರಿಕಾಪು ಪಟ್ಟಿಗಳನ್ನು ಜೋಡಿಸಿ ಅಳೆಯಿರಿ. ಹತ್ತುವ ಕಡೆಯದು, ಅಂದರೆ ಎಡಗಡೆಯದು, ಹೆಚ್ಚು ಹಿಗ್ಗಿರುತ್ತದೆ.

ಹಣ ಕೊಡುವ ಮುನ್ನ

ಎರಡು ದಿನದ ಪರೀಕ್ಷೆಗೆ ಕೇಳಿ, ವಾಪಸಾತಿಯ ಮಾತನ್ನು ಬರೆಸಿಕೊಳ್ಳಿ. ತೆಳು ನಮ್ದಾ ಹಾಕಿ ಅರ್ಧ ಗಂಟೆ ಓಡಿಸಿ, ಜೀನು ಇಳಿಸಿದ ಕೂಡಲೇ ಬೆವರಿನ ಗುರುತು ನೋಡಿ. ಬೆನ್ನೆಲುಬಿನ ಎರಡೂ ಕಡೆ ಒಂದೇ ರೀತಿ ಒದ್ದೆಯಾಗಿರಬೇಕು. ಒದ್ದೆಯ ನಡುವೆ ಅಂಗೈಯಗಲ ಒಣಜಾಗವಿದ್ದರೆ ಅಲ್ಲಿ ಒತ್ತಡ ಅತಿಯಾಗಿದೆ, ಇಲ್ಲವೇ ಜೀನು ತಾಗುತ್ತಲೇ ಇಲ್ಲ. ಕೈಯಿಂದ ಒತ್ತಿದಾಗ ಕುದುರೆ ಬೆನ್ನು ತಗ್ಗಿಸಿದರೆ ಆ ಜೀನನ್ನು ಅಂದೇ ಹಿಂದಿರುಗಿಸಿ.