ಕೊಲೈಟಿಸ್‌ಗೆ ತುರ್ತು ಆಪರೇಷನ್: ಲ್ಯಾಪ್ರೋಸ್ಕೋಪಿಯೋ, ಓಪನ್ನೋ? ಮನೆಯವರು ಕೇಳಬೇಕಾದ್ದು

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಕಾಯಿಲೆ) ಇರುವವರಿಗೆ ದಿನಕ್ಕೆ 6 ಸಲ ಅಥವಾ ಜಾಸ್ತಿ ರಕ್ತಭೇದಿ ಆಗಿ, ಜೊತೆಗೆ ಜ್ವರವೋ ನಿಮಿಷಕ್ಕೆ 90 ದಾಟಿದ ನಾಡಿಯೋ ಕಂಡರೆ ಮನೆಯಲ್ಲಿ ಕಾಯಬೇಡಿ. ಆಸ್ಪತ್ರೆಗೆ ಸೇರಿಸಿ.

ಅಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡುತ್ತಾರೆ. ಮೂರನೇ ದಿನವನ್ನು ನೆನಪಿಟ್ಟುಕೊಳ್ಳಿ. ಅವತ್ತೂ 8 ಸಲಕ್ಕಿಂತ ಜಾಸ್ತಿ ಭೇದಿ ಆಗುತ್ತಿದ್ದರೆ, ಅಥವಾ 3ರಿಂದ 8 ಸಲ ಆಗಿ ಸಿಆರ್‌ಪಿ (ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ) 45 mg/L ದಾಟಿದ್ದರೆ, ಸ್ಟೀರಾಯ್ಡ್ ಕೆಲಸ ಮಾಡುವ ಸಾಧ್ಯತೆ ಕಡಿಮೆ. ಆಗ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೋಸ್ಪೋರಿನ್ ಎಂಬ ಬೇರೆ ಔಷಧಿ ಕೊಟ್ಟು ನೋಡಬಹುದು, ಆದರೆ ಸರ್ಜನ್ ಜೊತೆಗೂ ಅವತ್ತೇ ಮಾತಾಡಿ. ಇನ್ನೊಂದು ದಿನ ನೋಡೋಣ ಅಂತ ಮುಂದೂಡುತ್ತಾ ಹೋದರೆ ರೋಗಿ ಸೋತುಹೋಗುತ್ತಾರೆ, ಆಮೇಲೆ ಯಾವ ಥರ ಆಪರೇಷನ್ ಮಾಡಿದರೂ ರಿಸ್ಕ್ ಜಾಸ್ತಿ.

ಲ್ಯಾಪ್ರೋಸ್ಕೋಪಿ ಅಂದರೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಓಪನ್ ಅಂದರೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುವುದು. ಒಳಗೆ ಮಾಡುವ ಕೆಲಸ ಎರಡರಲ್ಲೂ ಒಂದೇ. ದೊಡ್ಡ ಕರುಳನ್ನು ತೆಗೆದು, ಗುದನಾಳವನ್ನು ಸದ್ಯಕ್ಕೆ ಬಿಟ್ಟು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತಂದು, ಮಲ ತುಂಬಿಕೊಳ್ಳಲು ಅದಕ್ಕೆ ಬ್ಯಾಗ್ ಹಾಕುತ್ತಾರೆ. ಸ್ಟೀರಾಯ್ಡ್ ತೆಗೆದುಕೊಂಡು ಸೊರಗಿದ ದೇಹದಲ್ಲಿ ಹೊಲಿಗೆ ಬೇಗ ಕೂಡುವುದಿಲ್ಲ, ಹಾಗಾಗಿ ಕರುಳನ್ನು ಅವತ್ತೇ ಜೋಡಿಸುವುದಿಲ್ಲ. ಅದು ಕೆಲವು ತಿಂಗಳ ನಂತರದ ಮಾತು.

ಬಿಪಿ ಸರಿಯಾಗಿದ್ದು, ಕರುಳು ತೂತಾಗಿಲ್ಲದಿದ್ದರೆ ಲ್ಯಾಪ್ರೋಸ್ಕೋಪಿ ಕೇಳಿ. ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ ನಿಜ, ಆದರೆ ನೋವು ಕಡಿಮೆ, ಗಾಯಕ್ಕೆ ಕೀವು ಆಗುವುದು ಕಡಿಮೆ, ಒಳಗೆ ಕರುಳು ಅಂಟಿಕೊಳ್ಳುವುದೂ ಕಡಿಮೆ. ಮುಂದೆ ಇನ್ನೂ ಆಪರೇಷನ್ ಇರುವವರಿಗೆ ಇದು ದೊಡ್ಡ ಲಾಭ ಅಲ್ವಾ?

ಕರುಳು ಒಡೆದು ಮಲ ಹರಡಿದ್ದರೆ, ರಕ್ತ ನಿಲ್ಲದಿದ್ದರೆ, ಬಿಪಿ ಕುಸಿಯುತ್ತಿದ್ದರೆ ಓಪನ್ ಸರ್ಜರಿಯೇ ಸರಿ. ಕರುಳು ತುಂಬಾ ಉಬ್ಬಿದ್ದರೂ ಸಾಮಾನ್ಯವಾಗಿ ಹಾಗೇ. ಅದರ ಗೋಡೆ ಒದ್ದೆ ಕಾಗದದಂತೆ ತೆಳ್ಳಗಾಗಿರುತ್ತದೆ, ಉಪಕರಣದಲ್ಲಿ ಹಿಡಿದರೆ ಹರಿಯಬಹುದು, ಒಳಗೆ ಕೈಯಾಡಿಸಲು ಜಾಗವೂ ಇರುವುದಿಲ್ಲ.

ಸರ್ಜನ್‌ಗೆ ನೇರವಾಗಿ ಕೇಳಿ: "ಡಾಕ್ಟ್ರೇ, ಇಂಥ ತುರ್ತು ಕೇಸನ್ನು ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿ ನಿಮಗೆ ರೂಢಿ ಇದೆಯಾ?" ಇಲ್ಲ ಅಂದರೆ ಅವರ ಕೈ ಪಳಗಿದ ಓಪನ್ ಸರ್ಜರಿಯೇ ಕ್ಷೇಮ. ಲ್ಯಾಪ್ರೋಸ್ಕೋಪಿ ಅಂತ ಶುರು ಮಾಡಿ ಮಧ್ಯದಲ್ಲಿ ಹೊಟ್ಟೆ ತೆರೆದರೆ ಏನೋ ಎಡವಟ್ಟಾಯಿತು ಅಂತ ಗಾಬರಿಯಾಗಬೇಡಿ, ಜೀವ ಉಳಿಸಲು ತೆಗೆದುಕೊಂಡ ತೀರ್ಮಾನ ಅದು.

ಥಿಯೇಟರಿಗೆ ಕರೆದೊಯ್ಯುವ ಮೊದಲು ಬ್ಯಾಗಿನ ಜಾಗವನ್ನು ಪೆನ್ನಿನಲ್ಲಿ ಗುರುತು ಹಾಕಿಸಿ. ರೋಗಿಯನ್ನು ಕೂರಿಸಿ, ಸಾಧ್ಯವಾದರೆ ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಸೀರೆ, ಲಂಗದ ಲಾಡಿ, ಪಂಚೆ, ಬೆಲ್ಟ್ ಎಲ್ಲಿ ಬರುತ್ತದೆ ಅಂತ ನೀವೇ ಹೇಳಿ. ನನ್ನ ತಮ್ಮನಿಗೆ ಆ ಅವಸರದಲ್ಲಿ ಇದನ್ನು ಯಾರೂ ಮಾಡಲಿಲ್ಲ. ಬ್ಯಾಗ್ ನೇರ ಬೆಲ್ಟ್ ಕೆಳಗೇ ಬಂತು, ತಿಂಗಳುಗಟ್ಟಲೆ ಸೋರಿ ಚರ್ಮ ಸುಟ್ಟಂತಾಗಿತ್ತು. ಐದು ನಿಮಿಷದ ಕೆಲಸ ಇದು, ದಯವಿಟ್ಟು ಬಿಡಬೇಡಿ.

ಆಪರೇಷನ್ ಆದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಕೊಡುತ್ತಿದ್ದಾರಾ ಅಂತ ಕೇಳಿ, ಡಾಕ್ಟರ್ ಹೇಳಿದ ತಕ್ಷಣ ಎಬ್ಬಿಸಿ ನಡೆಸಿ. ಬ್ಯಾಗಿಗೆ ಬರುವುದನ್ನು ಅಳೆದು ಬರೆದಿಡಿ. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಬರೀ ನೀರು ಕುಡಿಸುತ್ತಾ ಕೂರಬೇಡಿ, ಓಆರ್‌ಎಸ್ ಕೊಡಿ, ಡಾಕ್ಟರಿಗೆ ಅವತ್ತೇ ತಿಳಿಸಿ.